ಟ್ರಿಗರ್ ಒತ್ತೋದು ಒಬ್ಬ, ಗನ್ ನಡೆಸೋದು ಆರು ಜನ

ಓದುಗರೊಬ್ಬರ ಪ್ರಶ್ನೆ: "ಸರ್, ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಮಷಿನ್ ಗನ್ನಿಗೆ ಅಂತಲೇ ಒಂದು ಪ್ರತ್ಯೇಕ ಪಡೆ ಕಟ್ಟಿದ್ರು ಅಂತ ಓದಿದೆ. ಟ್ರಿಗರ್ ಒತ್ತಿ ಹಿಡಿದ್ರೆ ಗುಂಡು ತಾನಾಗೇ ಹೋಗುತ್ತಲ್ಲ, ಅದಕ್ಕೆ ಬೇರೆ ಸ್ಕೂಲು, ಬೇರೆ ಸೈನಿಕರು ಯಾಕೆ ಬೇಕಾಯ್ತು? ಅವರಿಗೆ ಏನು ಕಲಿಸ್ತಿದ್ರು? ನಮ್ಮ ಕಡೆಯೋರು ಯಾರಾದ್ರೂ ಈ ಕೆಲಸದಲ್ಲಿ ಇದ್ರಾ?"

ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ಉದ್ದಕ್ಕೇ ಉತ್ತರ ಕೊಡ್ತೀನಿ. ಟ್ರಿಗರ್ ವಿಷಯ ನೀವು ಹೇಳಿದ್ದು ಸರಿ. ಆಗ ಬ್ರಿಟಿಷರು ಬಳಸ್ತಿದ್ದ ವಿಕರ್ಸ್ ಅನ್ನೋ ಮಷಿನ್ ಗನ್ನಿನ ಹಿಂಭಾಗದಲ್ಲಿ ಎರಡು ಹಿಡಿ, ಅವುಗಳ ನಡುವೆ ಹೆಬ್ಬೆರಳಲ್ಲಿ ಒತ್ತೋ ಒಂದು ಪಟ್ಟಿ, ಬೆರಳಲ್ಲಿ ಸೇಫ್ಟಿ ಕ್ಯಾಚ್ ಎತ್ತಿ ಹೆಬ್ಬೆರಳು ಒತ್ತಿದ್ರೆ ನಿಮಿಷಕ್ಕೆ 450-500ರ ವೇಗದಲ್ಲಿ ಗುಂಡು ಹಾರುತ್ತೆ, ಅಷ್ಟನ್ನ ಯಾರು ಬೇಕಾದ್ರೂ ಸಲೀಸಾಗಿ ಕಲೀಬಹುದು. ಕಷ್ಟ ಇರೋದು ಆ ಗನ್ನು ರಾತ್ರಿಯಿಡೀ ನಿಲ್ಲದೆ ಕೆಲಸ ಮಾಡೋ ಹಾಗೆ ನೋಡ್ಕೊಳ್ಳೋದ್ರಲ್ಲಿ, ಅದನ್ನ ಎಲ್ಲಿ ಕೂರಿಸಬೇಕು ಅನ್ನೋ ತಿಳುವಳಿಕೇಲಿ, ಕಣ್ಣಿಗೇ ಕಾಣದ ಜಾಗಕ್ಕೆ ಲೆಕ್ಕ ಹಾಕಿ ಹೊಡೆಯೋದ್ರಲ್ಲಿ. 1914ರಲ್ಲಿ ಬ್ರಿಟಿಷರ ಕೈಲಿದ್ದ ವಿಕರ್ಸೂ 1918ರ ವಿಕರ್ಸೂ ಹೆಚ್ಚುಕಮ್ಮಿ ಒಂದೇ ಗನ್ನು. ನಾಲ್ಕು ವರ್ಷದಲ್ಲಿ ಬದಲಾಗಿದ್ದು ಅದರ ಹಿಂದೆ ಕೂತೋರ ತರಬೇತಿ, ಅವರನ್ನ ಜೋಡಿಸಿದ ರೀತಿ. ಈ ಮಾತು ಮನಸ್ಸಲ್ಲಿ ಇಟ್ಕೊಂಡ್ರೆ ಆ ಪಡೆ ಯಾಕೆ ಹುಟ್ಟಿತು ಅನ್ನೋದು ತಾನಾಗೇ ಅರ್ಥ ಆಗುತ್ತೆ.

ಯುದ್ಧ ಶುರುವಾದಾಗ ಸುಮಾರು ಸಾವಿರ ಜನರ ಒಂದು ಪದಾತಿ ಬೆಟಾಲಿಯನ್ನಿಗೆ ಇದ್ದಿದ್ದು ಬರೀ ಎರಡು ಮಷಿನ್ ಗನ್. ಕೆಲವರ ಹತ್ರ ವಿಕರ್ಸ್, ಬಹಳ ಜನರ ಹತ್ರ ಹಳೇ ಮ್ಯಾಕ್ಸಿಂ. ಎರಡಕ್ಕೂ ಸೇರಿ ಒಬ್ಬ ಕಿರಿಯ ಆಫೀಸರ್, ಒಬ್ಬ ಸಾರ್ಜೆಂಟು, ಕೆಲವು ಸಿಪಾಯಿಗಳು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹೈದ್ ಅನ್ನೋ ಊರಲ್ಲಿ ಸೈನ್ಯದ ಬಂದೂಕು ತರಬೇತಿ ಶಾಲೆ ಇತ್ತು, ಅಲ್ಲಿ ಮುಖ್ಯ ಬೋಧಕರಾಗಿದ್ದ ಮೆಕ್‌ಮಹೊನ್ ಅನ್ನೋ ಅಧಿಕಾರಿ ಯುದ್ಧಕ್ಕೆ ಕೆಲವು ವರ್ಷ ಮುಂಚೇನೇ, ಎರಡು ಸಾಲಲ್ಲ, ಬೆಟಾಲಿಯನ್ನಿಗೆ ಆರು ಗನ್ನಾದ್ರೂ ಕೊಡಿ ಅಂತ ಕೇಳಿದ್ರು. ದುಡ್ಡಿಲ್ಲ ಅಂತ ಉತ್ತರ ಬಂತು. ಆಗ ಅವರು ಇದ್ದ ರೈಫಲ್ಲಲ್ಲೇ ಆದಷ್ಟು ಸಾಧಿಸೋಣ ಅಂತ ಸಿಪಾಯಿಗಳಿಗೆ ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹೊಡೆಯೋ ತಾಲೀಮು ಕೊಡಿಸಿದ್ರು, ಆಮೇಲೆ ಜರ್ಮನ್ನರನ್ನ ದಂಗುಬಡಿಸಿದ್ದು ಅದೇ ತಾಲೀಮು.

ಅದೇ ಮೆಕ್‌ಮಹೊನ್ 1914ರ ಆಗಸ್ಟಲ್ಲಿ 4ನೇ ರಾಯಲ್ ಫ್ಯುಸಿಲಿಯರ್ಸ್ ಬೆಟಾಲಿಯನ್ನಿನ ಕಮಾಂಡರ್ ಆಗಿ ಬೆಲ್ಜಿಯಂಗೆ ಹೋದ್ರು. ಆಗಸ್ಟ್ 23ಕ್ಕೆ ಮೋನ್ಸ್ ಊರಿನ ಕಾಲುವೆ ಮೇಲಿದ್ದ ನಿಮಿ ಸೇತುವೆ ಕಾಯೋ ಕೆಲಸ ಅವರ ಬೆಟಾಲಿಯನ್ನಿಗೆ ಬಿತ್ತು. ಕೇಳಿದ್ದು ಆರು, ಕೈಲಿದ್ದಿದ್ದು ಎರಡೇ. ಆ ಎರಡು ಗನ್ನಿನ ಹೊಣೆ ಲೆಫ್ಟಿನೆಂಟ್ ಮಾರಿಸ್ ಡೀಸ್ ಅವರದು. ಗನ್ನು ನಡೆಸೋರು ಒಬ್ಬೊಬ್ಬರಾಗಿ ಬೀಳ್ತಾ ಹೋದಾಗೆಲ್ಲ ಡೀಸ್ ತಾವೇ ಓಡಿ ಬಂದು ಸರಿ ಮಾಡ್ತಿದ್ರು, ಹಲವು ಸಲ ಗುಂಡೇಟು ತಿಂದು ಕೊನೆಗೆ ಪ್ರಾಣ ಬಿಟ್ರು. ಉಳಿದ ಗನ್ನನ್ನ ಸಿಡ್ನಿ ಗಾಡ್ಲಿ ಅನ್ನೋ ಸಾಮಾನ್ಯ ಸಿಪಾಯಿ ಒಬ್ಬನೇ ನಡೆಸಿ ತನ್ನ ಬೆಟಾಲಿಯನ್ ಹಿಂದೆ ಸರಿಯೋಕೆ ಟೈಮ್ ಕೊಟ್ಟ, ಇನ್ನು ಆಗಲ್ಲ ಅಂದಾಗ ಗನ್ನನ್ನ ಬಿಚ್ಚಿ ಕಾಲುವೆಗೆ ಎಸೆದು ಸೆರೆ ಸಿಕ್ಕ. ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್, ಆ ಮಹಾಯುದ್ಧದಲ್ಲಿ ಅದು ಮೊದಲು ಸಿಕ್ಕಿದ್ದು ಇವರಿಬ್ಬರಿಗೆ. ಮೆಕ್‌ಮಹೊನ್ ಅದೇ ವರ್ಷ ನವೆಂಬರ್ 11ಕ್ಕೆ ಬೆಲ್ಜಿಯಂನ ಈಪ್ರ್ ಊರಿನ ಹತ್ರ ತೀರಿಕೊಂಡ್ರು. ಅವರು ಕೇಳಿದ್ದು ಎಷ್ಟು ಸರಿ ಅಂತ ಸೈನ್ಯಕ್ಕೆ ಗೊತ್ತಾಗೋ ಹೊತ್ತಿಗೆ ಕೇಳಿದೋರೇ ಇರಲಿಲ್ಲ, ಇದನ್ನ ಬರೀವಾಗೆಲ್ಲ ನನಗೆ ಹೊಟ್ಟೆ ಸಂಕಟ ಆಗುತ್ತೆ.

ಆ ಮೊದಲ ಕೆಲವು ತಿಂಗಳಲ್ಲೇ ಇನ್ನೊಂದು ತೊಂದರೆ ಕಾಣಿಸ್ತು. ತರಬೇತಿ ಇದ್ದ ಗನ್ನರ್‌ಗಳು ಬೇಗ ಬೇಗ ಸಾಯ್ತಿದ್ರು, ಅವರ ಜಾಗಕ್ಕೆ ಬಂದೋರಿಗೆ ಗನ್ನಿನ ಗಂಧಗಾಳಿ ಗೊತ್ತಿರಲಿಲ್ಲ. ಹೀಗಾಗಿ 1914ರ ನವೆಂಬರಲ್ಲಿ ಬೇಕರ್-ಕಾರ್ ಅನ್ನೋ ಅಧಿಕಾರಿ ಫ್ರಾನ್ಸಿನ ಸೇಂಟ್ ಓಮರಲ್ಲೇ ಒಂದು ಮಷಿನ್ ಗನ್ ಶಾಲೆ ಶುರು ಮಾಡಿದ್ರು, ಆಮೇಲೆ ಅದು ಹತ್ರದ ವಿಸ್ಕ್ ಊರಿಗೆ ಹೋಯ್ತು. 1915ರ ಫೆಬ್ರವರಿಗೆ ಬೆಟಾಲಿಯನ್ನಿಗೆ ನಾಲ್ಕು ಗನ್ ಅಂತ ಆದೇಶ ಆಯ್ತು, ಆದರೆ ಆದೇಶ ಆದ ಮಾತ್ರಕ್ಕೆ ಗನ್ನು ಎಲ್ಲಿಂದ ಬರುತ್ತೆ? 1915ರಲ್ಲಿ ಇಡೀ ವರ್ಷ ತಯಾರಾಗಿದ್ದು ಸುಮಾರು 2,400 ವಿಕರ್ಸ್. 1916ಕ್ಕೆ ಅದು 7,400 ದಾಟಿತು, 1917ಕ್ಕೆ 21 ಸಾವಿರ, 1918ಕ್ಕೆ 39 ಸಾವಿರ. ಈ ಅಂಕಿ ನೋಡಿದ್ರೆ ಕಾರ್ಖಾನೆ ಎಷ್ಟು ಬೆಳೀತು ಅಂತ ಗೊತ್ತಾಗುತ್ತೆ, ಅಷ್ಟೇ ವೇಗದಲ್ಲಿ ಜನರನ್ನೂ ತಯಾರು ಮಾಡಬೇಕಿತ್ತಲ್ಲ, ಅದನ್ನ ಮಾತ್ರ ಜನ ಮರೀತಾರೆ.

ಇಷ್ಟರಲ್ಲಿ ಲೂಯಿಸ್ ಗನ್ ಬಂತು. ಇದು ವಿಕರ್ಸ್ ತರ ಟ್ರೈಪಾಡ್ ಅನ್ನೋ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂರೋದಲ್ಲ, ಸುಮಾರು 12-13 ಕೆಜಿ, ಒಬ್ಬ ಎತ್ಕೊಂಡು ಓಡಬಹುದು, ನೀರು ಬೇಡ, ಮೇಲೆ ತಟ್ಟೆ ತರ ದುಂಡಗಿನ ಮ್ಯಾಗಜೀನಲ್ಲಿ 47 ಗುಂಡು. ಬೆಟಾಲಿಯನ್ ಜೊತೆ ಮುಂದೆ ನುಗ್ಗೋಕೆ ಲೂಯಿಸ್ ಸರಿ, ಆದರೆ ಗಂಟೆಗಟ್ಟಲೆ ಒಂದೇ ಸಮ ಹೊಡೆಯೋಕೆ ಅದರ ಕೈಲಿ ಆಗಲ್ಲ, ಕಾದು ಕೂತುಬಿಡುತ್ತೆ. ಹೈದ್ ಶಾಲೇಲಿ ಕಲಿಸಿದ್ದ ಜಾರ್ಜ್ ಲಿಂಡ್ಸೆ ತರದ ಅಧಿಕಾರಿಗಳು ಪಟ್ಟು ಹಿಡಿದು ವಾದಿಸಿದ್ದು ಇದನ್ನೇ: ಹಗುರದ ಲೂಯಿಸ್ ಬೆಟಾಲಿಯನ್ ಹತ್ರ ಇರಲಿ, ಭಾರದ ವಿಕರ್ಸನ್ನೆಲ್ಲ ಒಟ್ಟು ಮಾಡಿ ಅದನ್ನೇ ಕಸುಬು ಮಾಡಿಕೊಂಡೋರ ಕೈಗೆ ಕೊಡಿ. 1915ರ ಅಕ್ಟೋಬರಲ್ಲಿ ರಾಜಾಜ್ಞೆ ಬಂದು ನೀವು ಕೇಳಿದ ಆ ಪ್ರತ್ಯೇಕ ಪಡೆ, ಮಷಿನ್ ಗನ್ ಕೋರ್, ಹುಟ್ಟಿತು. ಎರಡು ವಿಕರ್ಸ್ ಅಡ್ಡಡ್ಡ ಇಟ್ಟು ಮೇಲೊಂದು ಕಿರೀಟ, ಅದು ಅವರ ಟೋಪಿ ಬಿಲ್ಲೆ.

ಜೋಡಣೆ ಹೀಗಿತ್ತು. ನಾಲ್ಕು ಬೆಟಾಲಿಯನ್ ಸೇರಿದ ಒಂದು ಬ್ರಿಗೇಡಿಗೆ ಒಂದು ಮಷಿನ್ ಗನ್ ಕಂಪನಿ, ಅದರಲ್ಲಿ 16 ಗನ್, ನಾಲ್ಕು ನಾಲ್ಕು ಗನ್ನಿನ ನಾಲ್ಕು ಸೆಕ್ಷನ್, ಒಂದೊಂದು ಸೆಕ್ಷನ್ನಿನ ಮುಖ್ಯಸ್ಥನಾಗಿ ಒಬ್ಬ ಆಫೀಸರ್. ಒಂದು ಡಿವಿಷನ್ನಿಗೆ ಮೂರು ಬ್ರಿಗೇಡ್, ಹಾಗಾಗಿ ಮೂರು ಕಂಪನಿ. 1917ರಲ್ಲಿ ಡಿವಿಷನ್ನಿಗೇ ಸೇರಿದ ನಾಲ್ಕನೇ ಕಂಪನಿ ಬಂತು, 1918ರ ಶುರುವಿಗೆ ಈ ನಾಲ್ಕನ್ನೂ ಸೇರಿಸಿ 64 ಗನ್ನಿನ ಒಂದು ಮಷಿನ್ ಗನ್ ಬೆಟಾಲಿಯನ್ ಮಾಡಿದ್ರು. ಎರಡು ಗನ್ನಿನ ಪುಟ್ಟ ಗುಂಪು ನಾಲ್ಕು ವರ್ಷದಲ್ಲಿ ಎಲ್ಲಿಗೆ ಬಂತು ನೋಡಿ. ಇದರಲ್ಲಿ ಮುಖ್ಯ ಏನಂದ್ರೆ, 1914ರಲ್ಲಿ ಗನ್ ಎಲ್ಲಿ ಇಡ್ಬೇಕು ಅಂತ ಹೇಳ್ತಿದ್ದಿದ್ದು ಬೆಟಾಲಿಯನ್ ಕಮಾಂಡರ್, ಅವನಿಗೆ ತನ್ನ ಮುಂದಿನ ನಾನೂರು ಐನೂರು ಗಜದ ಚಿಂತೆ. 1918ಕ್ಕೆ ಡಿವಿಷನ್ನಿನ ಅಷ್ಟೂ ಗನ್ನುಗಳ ಬಗ್ಗೆ ಒಟ್ಟಿಗೆ ಯೋಚಿಸೋಕೆ ಒಬ್ಬ ತಜ್ಞ ಅಧಿಕಾರಿ ಇದ್ದ.

ಸರಿ, ಈಗ ತರಬೇತಿಗೆ ಬರೋಣ. ಲಿಂಕನ್‌ಶೈರಿನ ಗ್ರಾಂಥಮ್ ಊರ ಪಕ್ಕ ಬೆಲ್ಟನ್ ಪಾರ್ಕ್ ಅಂತ ಒಬ್ಬ ಜಮೀನ್ದಾರರ ದೊಡ್ಡ ಎಸ್ಟೇಟು, ಅಲ್ಲಿ ಮರದ ಗುಡಿಸಲುಗಳ ಒಂದು ಊರೇ ಎದ್ದಿತ್ತು, ಕೋರಿನ ಮುಖ್ಯ ತರಬೇತಿ ಕೇಂದ್ರ ಅದು. ಅಲ್ಲಿಂದ ಮುಗಿಸಿಕೊಂಡು ಬಂದೋರು ಫ್ರಾನ್ಸ್ ಕರಾವಳಿಯ ಕಾಮಿಯೆ ಡಿಪೋಗೆ ಹೋಗಿ ಅಲ್ಲಿಂದ ಕಂಪನಿಗಳಿಗೆ ಹಂಚಿಕೆ ಆಗ್ತಿದ್ರು. ಮೊದಮೊದಲು ಬಂದೋರು ಬೆಟಾಲಿಯನ್‌ಗಳಲ್ಲಿ ಆಗಲೇ ಗನ್ ಹಿಡಿದಿದ್ದವರು, ಆಮೇಲೆ ಬೇರೆ ಬೇರೆ ರೆಜಿಮೆಂಟಿಂದ ಆರಿಸಿ ತಂದೋರು, ಕೊನೆಕೊನೆಗೆ ನೇರವಾಗಿ ಭರ್ತಿ ಆದೋರು.

ಒಂದು ಗನ್ನಿಗೆ ಆರು ಜನ, ಒಬ್ಬೊಬ್ಬರಿಗೂ ನಂಬರ್. ನಂಬರ್ ಒನ್ ಹೊಡೆಯೋನು, ಜಾಗ ಬದಲಾಯಿಸುವಾಗ ಸುಮಾರು 22 ಕೆಜಿ ತೂಕದ ಟ್ರೈಪಾಡ್ ಹೊರೋನೂ ಅವನೇ. ನಂಬರ್ ಟೂ ಗನ್ನು ಹೊರ್ತಾನೆ, ಕೂತ ಮೇಲೆ ಬಲಗಡೆ ಮಲಗಿ ಗುಂಡು ಸಾಲಾಗಿ ಜೋಡಿಸಿದ ಬೆಲ್ಟನ್ನ ಗನ್ನಿಗೆ ಉಣಿಸ್ತಾನೆ. ಮೂರು, ನಾಲ್ಕು ಗುಂಡಿನ ಪೆಟ್ಟಿಗೆ, ನೀರು ತರೋರು, 250 ಗುಂಡಿನ ಬೆಲ್ಟ್ ಇರೋ ಒಂದೊಂದು ಪೆಟ್ಟಿಗೇನೂ ಸುಮಾರು 10 ಕೆಜಿ. ಉಳಿದಿಬ್ಬರು ಬದಲಿ ಆಳು, ಸುದ್ದಿ ಮುಟ್ಟಿಸೋರು. ದೂರ ಅಳೆಯೋಕೆ ರೇಂಜ್ ಫೈಂಡರ್ ಅನ್ನೋ ಉಪಕರಣ ಹಿಡಿದ ರೇಂಜ್ ಟೇಕರ್ ಬೇರೆ. ರೈಫಲ್ ಹೊತ್ಕೊಂಡು ಇಷ್ಟು ಭಾರ ಎತ್ತೋಕಾಗಲ್ಲ ಅಂತ ಒಂದು, ಎರಡನೇ ನಂಬರಿನೋರಿಗೆ ಸೊಂಟದಲ್ಲಿ ರಿವಾಲ್ವರ್. ಆದರೆ ಎಲ್ಲರಿಗೂ ಎಲ್ಲರ ಕೆಲಸ ಬರಲೇಬೇಕು ಅನ್ನೋದು ಅಲ್ಲಿನ ಮೊದಲ ಪಾಠ, ಯಾಕಂದ್ರೆ ನಂಬರ್ ಒನ್ ಬಿದ್ದ ತಕ್ಷಣ ಅವನನ್ನ ಪಕ್ಕಕ್ಕೆ ಸರಿಸಿ ನಂಬರ್ ಟೂ ಆ ಹಿಡಿ ಹಿಡೀಬೇಕು, ಮೂರನೇಯವನು ಎರಡನೇಯವನ ಜಾಗಕ್ಕೆ ಹೋಗ್ಬೇಕು, ಗನ್ನು ಒಂದು ಕ್ಷಣಕ್ಕಿಂತ ಹೆಚ್ಚು ಸುಮ್ಮನಿರಬಾರದು.

ಗನ್ ಕೂರಿಸೋ ಡ್ರಿಲ್ಲನ್ನ ವಾಚ್ ಹಿಡಿದು ಮಾಡಿಸ್ತಿದ್ರು. ನಂಬರ್ ಒನ್ ಟ್ರೈಪಾಡ್ ಹೊತ್ತು ಓಡಿ ಬಂದು ಕಾಲು ಚಾಚಿ ಊರ್ತಾನೆ, ಅಷ್ಟರಲ್ಲಿ ನಂಬರ್ ಟೂ ಗನ್ ತಂದು ಮೇಲಿಟ್ಟಾಗ ಪಿನ್ ಹಾಕ್ತಾನೆ. ನಂಬರ್ ತ್ರೀ ಪೆಟ್ಟಿಗೆ ತಂದಿಟ್ಟು ಹೊರಟ. ಬೆಲ್ಟಿನ ತುದೀಲಿರೋ ಹಿತ್ತಾಳೆ ಪಟ್ಟಿಯನ್ನ ನಂಬರ್ ಟೂ ಬಲಗಡೆಯಿಂದ ತೂರಿಸ್ತಾನೆ, ನಂಬರ್ ಒನ್ ಎಡಗೈಲಿ ಅದನ್ನ ಎಳೀತಾ ಬಲಗೈಲಿ ಕ್ರ್ಯಾಂಕ್ ಹಿಡಿಯನ್ನ ಹಿಂದಕ್ಕೆ ತಿರುಗಿಸಿ ಬಿಡ್ತಾನೆ, ಇನ್ನೊಂದು ಸಲ ಅದನ್ನೇ ಮಾಡ್ತಾನೆ, ಗನ್ ರೆಡಿ. ಒಂದೂ ಮಾತಿಲ್ಲದೆ, ಕತ್ತಲಲ್ಲಿ, ಕೆಸರಲ್ಲಿ, ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕ್ಕೊಂಡು ಇದೇ ಕೆಲಸ ಮಾಡೋ ತನಕ ಬಿಡ್ತಿರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಗನ್ ಬಿಚ್ಚಿ ಜೋಡಿಸೋ ಅಭ್ಯಾಸಾನೂ ಇತ್ತು, ಅದು ಪ್ರದರ್ಶನಕ್ಕಲ್ಲ, ರಾತ್ರಿ ಕಂದಕದಲ್ಲಿ ದೀಪ ಹಚ್ಚಿದ್ರೆ ಆ ಬೆಳಕಿಗೇ ಶೆಲ್ ಬೀಳುತ್ತೆ.

ಇನ್ನು ಗನ್ ಕಚ್ಕೊಳ್ಳೋ ವಿಷಯ, ಅವರ ಭಾಷೇಲಿ ಸ್ಟಾಪೇಜ್. ನಿಜವಾದ ಗನ್ನರ್ ಯಾರು ಅಂತ ಗೊತ್ತಾಗ್ತಿದ್ದಿದ್ದೇ ಇಲ್ಲಿ. ವಿಕರ್ಸಿನ ಬಲಗಡೆ ಇರೋ ಆ ಕ್ರ್ಯಾಂಕ್ ಹಿಡಿ ಪ್ರತಿ ಗುಂಡಿಗೂ ಹಿಂದೆ ಮುಂದೆ ತಿರುಗ್ತಾ ಇರುತ್ತೆ, ಗನ್ ನಿಂತುಹೋದಾಗ ಅದು ನಾಲ್ಕು ಜಾಗದಲ್ಲಿ ಯಾವುದೋ ಒಂದರಲ್ಲಿ ನಿಲ್ಲುತ್ತೆ, ಎಲ್ಲಿ ನಿಂತಿದೆ ಅನ್ನೋದನ್ನ ನೋಡಿ, ಕತ್ತಲಾದ್ರೆ ಕೈಲಿ ಮುಟ್ಟಿ, ಒಳಗೆ ಏನಾಗಿದೆ ಅಂತ ಹೇಳಬಹುದು. ಹಿಡಿ ಪೂರ್ತಿ ತನ್ನ ಜಾಗಕ್ಕೆ ಬಂದು ಕೂತಿದ್ರೂ ಗನ್ ಸುಮ್ಮನಿದೆ ಅಂದ್ರೆ ಗುಂಡು ಹಾರಿಲ್ಲ ಅಥವಾ ಬೆಲ್ಟಲ್ಲಿ ಒಂದು ಜಾಗ ಖಾಲಿ ಇತ್ತು. ಸ್ವಲ್ಪ ಹಿಂದೆಯೇ ನಿಂತಿದ್ರೆ ಬೆಲ್ಟ್ ಸರಿಯಾಗಿ ಒಳಗೆ ಬರ್ತಿಲ್ಲ. ಇನ್ನೂ ಹಿಂದೆ ಸಿಕ್ಕಿಹಾಕಿಕೊಂಡಿದ್ರೆ ಹಿಂದಿನ ಗುಂಡಿನ ಖಾಲಿ ಕೋಶ ಹರಿದು ಅದರ ಮುಂದಿನ ತುಂಡು ಬ್ಯಾರೆಲ್ ಒಳಗೇ ಉಳಿದಿರಬಹುದು, ಅದನ್ನ ತೆಗೆಯೋಕೆ ಪ್ಲಗ್ ತರದ ಒಂದು ಚಿಕ್ಕ ಸಾಧನ ಟೀಮಿನ ಹತ್ರ ಯಾವಾಗ್ಲೂ ಇರುತ್ತೆ. ಒಂದೊಂದು ಸ್ಥಿತಿಗೂ ಒಂದೊಂದು ಕ್ರಮ: ಹಿಡಿ ತಿರುಗಿಸು, ಬೆಲ್ಟ್ ಎಳಿ, ಬಿಡು, ಹೊಡಿ. ಬೋಧಕರು ಬೇಕಂತಲೇ ಕೆಟ್ಟ ಗುಂಡು ಸೇರಿಸಿ, ಬೆಲ್ಟಲ್ಲಿ ಗುಂಡನ್ನ ಸೊಟ್ಟಗೆ ಕೂರಿಸಿ ಗನ್ ನಿಲ್ಲೋ ಹಾಗೆ ಮಾಡ್ತಿದ್ರು, ಕಲಿಯೋನು ಯೋಚನೆ ಮಾಡ್ತಾ ಕೂರದೆ ಕೈಯೇ ತಾನಾಗಿ ಕೆಲಸಕ್ಕೆ ಇಳೀಬೇಕು, ಅಲ್ಲಿಯವರೆಗೂ ಮಾಡಿಸ್ತಿದ್ರು. ಎದುರಿಗೆ ಇನ್ನೂರು ಗಜದಲ್ಲಿ ಶತ್ರು ಓಡಿ ಬರ್ತಿರೋವಾಗ ಪುಸ್ತಕ ನೆನಪಿಸಿಕೊಳ್ಳೋಕೆ ಟೈಮ್ ಎಲ್ಲಿರುತ್ತೆ.

ನೀರಿನ ವಿಷಯ ಬಹಳ ಜನರಿಗೆ ಗೊತ್ತಿರಲ್ಲ. ಬ್ಯಾರೆಲ್ ಸುತ್ತ ಇರೋ ದಪ್ಪ ಕೊಳವೇಲಿ ಸುಮಾರು 4 ಲೀಟರ್ ನೀರು, ನಿಮಿಷಕ್ಕೆ 200ರಂತೆ ಹೊಡೆದ್ರೆ ಮೂರೇ ನಿಮಿಷಕ್ಕೆ ಕುದಿಯೋಕೆ ಶುರು. ಹಬೆ ಮೇಲಕ್ಕೆ ಹೋದ್ರೆ ಗನ್ ಇರೋ ಜಾಗ ಶತ್ರುವಿಗೆ ಗೊತ್ತಾಗುತ್ತೆ, ನೀರೂ ವೇಸ್ಟು, ಹಾಗಾಗಿ ಒಂದು ರಬ್ಬರ್ ಪೈಪಲ್ಲಿ ಹಬೆಯನ್ನ ಒಂದು ಡಬ್ಬಕ್ಕೆ ಬಿಟ್ಟು ತಣಿಸಿ ಅದೇ ನೀರನ್ನ ಮತ್ತೆ ಗನ್ನಿಗೆ ಹುಯ್ಯೋದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದ ಹಾಗೆ ಗ್ಲಿಸರಿನ್ ಬೆರೆಸ್ತಿದ್ರು. ಹತ್ತು ಸಾವಿರ ಗುಂಡು ಹೊಡೆದ ಮೇಲೆ ಬ್ಯಾರೆಲ್ ಸವೆದಿರುತ್ತೆ, ಬದಲಾಯಿಸಲೇಬೇಕು, ಪಳಗಿದ ಟೀಮು ಒಳಗಿನ ನೀರು ಹೆಚ್ಚು ಚೆಲ್ಲದ ಹಾಗೆ ಎರಡು ನಿಮಿಷದಲ್ಲಿ ಈ ಕೆಲಸ ಮುಗಿಸ್ತಿತ್ತು. ಬ್ಯಾರೆಲ್ ತುದಿಗೆ ಎಣ್ಣೆ ಹಚ್ಚಿದ ಆಸ್ಬೆಸ್ಟಾಸ್ ದಾರ ಸುತ್ತಿ ಸಂದು ಮುಚ್ಚಬೇಕು, ಸಡಿಲ ಸುತ್ತಿದ್ರೆ ನೀರು ಸೋರುತ್ತೆ, ಬಿಗಿ ಸುತ್ತಿದ್ರೆ ಬ್ಯಾರೆಲ್ ಹಿಂದೆ ಮುಂದೆ ಆಡದೆ ಗನ್ನೇ ನಿಂತುಹೋಗುತ್ತೆ. ಎಷ್ಟು ಸುತ್ತಬೇಕು ಅನ್ನೋದು ಕೈಗೆ ಗೊತ್ತಾಗಬೇಕಾದ ವಿದ್ಯೆ.

ಬೆಲ್ಟ್ ಬಟ್ಟೇದು. ನೆಂದ್ರೆ ಬಿಗಿಯಾಗುತ್ತೆ, ಗುಂಡು ಬಿಡಿಸಿಕೊಂಡು ಬರಲ್ಲ. ಖಾಲಿಯಾದ ಬೆಲ್ಟಿಗೆ ಮತ್ತೆ ಗುಂಡು ತುಂಬೋಕೆ ಕೈಯಲ್ಲಿ ತಿರುಗಿಸೋ ಒಂದು ಯಂತ್ರ ಇತ್ತು, ಅದಿಲ್ಲದ ಕಡೆ ಮಳೇಲಿ, ಮರಗಟ್ಟಿದ ಬೆರಳಲ್ಲಿ ಒಂದೊಂದೇ ತುಂಬಬೇಕು. ಒಂದು ಗುಂಡು ಕೂದಲೆಳೆಯಷ್ಟು ಮುಂದೆ ಹಿಂದೆ ಕೂತ್ರೂ ಗನ್ ಕಚ್ಚುತ್ತೆ. ಕಂದಕದ ಮೂಲೇಲಿ ಕೂತು ರಾತ್ರಿಯೆಲ್ಲ ಬೆಲ್ಟ್ ತುಂಬಿದ ಹುಡುಗರ ಬಗ್ಗೆ ಯಾರೂ ಬರೆಯಲ್ಲ, ಅವರಿಲ್ಲದೆ ನಂಬರ್ ಒನ್ ಬರೀ ಕಬ್ಬಿಣ ಹಿಡ್ಕೊಂಡು ಕೂರಬೇಕಿತ್ತು.

ಗನ್ ಎಲ್ಲಿ ಇಡ್ಬೇಕು ಅನ್ನೋದು ಇನ್ನೂ ದೊಡ್ಡ ಪಾಠ, ಸಿನಿಮಾಗಳು ಪೂರ್ತಿ ತಪ್ಪು ತೋರಿಸೋದು ಇದನ್ನೇ. ಸಿನಿಮಾದಲ್ಲಿ ಗನ್ನು ಶತ್ರುವಿನ ಎದುರಿಗೇ ಇರುತ್ತೆ, ಗನ್ನರ್ ಎಡದಿಂದ ಬಲಕ್ಕೆ ಬೀಸ್ತಾ ಇರ್ತಾನೆ. ವಾಸ್ತವದಲ್ಲಿ ಟ್ರೈಪಾಡ್ ಮೇಲಿನ ಗನ್ನಿಂದ ಒಂದೇ ಗುರಿಗೆ ಹೊಡೆದ ಗುಂಡುಗಳು ನೆಲಕ್ಕೆ ಬೀಳೋದು ಉದ್ದಕ್ಕೆ ಚಾಚಿದ ಕಿರಿದಾದ ಪಟ್ಟಿಯಲ್ಲಿ, ಅಗಲ ಬಹಳ ಕಡಿಮೆ. ಎದುರಿಂದ ಹೊಡೆದ್ರೆ ಅಗಲಕ್ಕೆ ಹರಡಿ ಬರೋ ಸೈನಿಕರಲ್ಲಿ ಒಬ್ಬಿಬ್ಬರು ಮಾತ್ರ ಆ ಪಟ್ಟೀಲಿ ಸಿಗ್ತಾರೆ, ಪಕ್ಕದಿಂದ ಹೊಡೆದ್ರೆ ಪೂರ್ತಿ ಸಾಲೇ ಆ ಪಟ್ಟಿ ಒಳಗೆ ಬೀಳುತ್ತೆ. ಅಡಿಕೆ ತೋಟದಲ್ಲಿ ಸಾಲಿನ ತಲೇಲಿ ನಿಂತು ನೋಡಿದ್ರೆ ಆ ಸಾಲಿನ ಅಷ್ಟೂ ಮರ ಒಂದೇ ನೇರದಲ್ಲಿ ಕಾಣುತ್ತಲ್ಲ, ಹಾಗೆ. ಅದಕ್ಕೇ ಗನ್ನುಗಳನ್ನ ಪಕ್ಕಕ್ಕೆ, ಮುಂದಿನಿಂದ ಕಾಣದ ಹಾಗೆ ಮರೆಯಾಗಿ ಇಟ್ಟು, ಒಂದರ ಗುಂಡಿನ ದಾರಿ ಇನ್ನೊಂದರ ದಾರಿಯನ್ನ ಅಡ್ಡ ಹಾಯೋ ಹಾಗೆ ಜೋಡಿಸ್ತಿದ್ರು. ಎಡಗಡೆ ಗನ್ನು ಬಲಗಡೆ ಬೆಟಾಲಿಯನ್ನಿನ ಮುಂಭಾಗ ಕಾಯುತ್ತೆ, ಬಲಗಡೆಯದು ಎಡಗಡೆಯೋರನ್ನ. ಅಂದ್ರೆ ಪಕ್ಕದ ಬೆಟಾಲಿಯನ್ ಜೊತೆ ಒಪ್ಪಂದ ಇರಬೇಕು, ಗನ್ನು ಒಂದೊಂದು ಬೆಟಾಲಿಯನ್ನಿನ ಸ್ವಂತ ಆಸ್ತಿ ಆಗಿದ್ದಾಗ ಇದು ಆಗ್ತಾನೇ ಇರಲಿಲ್ಲ. ಪ್ರತ್ಯೇಕ ಕೋರ್ ಯಾಕೆ ಅನ್ನೋ ನಿಮ್ಮ ಪ್ರಶ್ನೆಗೆ ನನ್ನ ಪ್ರಕಾರ ಇದೇ ಅತೀ ಬಲವಾದ ಉತ್ತರ. ಹಾಗೇ ಗನ್ನನ್ನ ಅಕ್ಕಪಕ್ಕ ತಿರುಗಿಸಬೇಕಾದಾಗಲೂ ಸುಮ್ಮನೆ ಬೀಸೋ ಹಾಗಿಲ್ಲ, ಹಿಡಿಯ ಪಕ್ಕಕ್ಕೆ ಅಂಗೈಯಲ್ಲಿ ಅಳತೆಯಾಗಿ ಒಂದು ತಟ್ಟು, ಒಂದಷ್ಟು ಗುಂಡು, ಮತ್ತೊಂದು ತಟ್ಟು, ಈ ತಟ್ಟೋ ಅಭ್ಯಾಸವನ್ನೇ ಮತ್ತೆ ಮತ್ತೆ ಮಾಡಿಸ್ತಿದ್ರು.

1916-17ರ ಹೊತ್ತಿಗೆ ಇವರು ಫಿರಂಗಿಯವರ ವಿದ್ಯೆಯನ್ನೂ ಕಲಿತ್ರು. ಗನ್ನುಗಳನ್ನ ಮುಂದಿನ ಕಂದಕಕ್ಕಿಂತ ಬಹಳ ಹಿಂದೆ ಇಟ್ಟು, ತಮ್ಮದೇ ಸೈನಿಕರ ತಲೆ ಮೇಲಿಂದ, ಗುಡ್ಡದ ಆ ಕಡೆ ಕಾಣದ ರಸ್ತೆಗೋ ಕೂಡುದಾರಿಗೋ ಗುಂಡಿನ ಮಳೆ ಸುರಿಸೋದು. ವಿಕರ್ಸಿನ ಗುರಿಪಟ್ಟಿ 2,900 ಗಜದವರೆಗೂ ಇತ್ತು. ಮ್ಯಾಪಲ್ಲಿ ಗನ್ನಿನ ಜಾಗ, ಗುರಿಯ ಜಾಗ ಗುರುತಿಸಿ, ಕಂಪಾಸಲ್ಲಿ ದಿಕ್ಕು ತೆಗೆದು, ಎರಡರ ಎತ್ತರದ ವ್ಯತ್ಯಾಸ ಕಳೆದು ಕೂಡಿಸಿ, ಟೇಬಲ್ ನೋಡಿ ಎಷ್ಟು ಡಿಗ್ರಿ ಎತ್ತಬೇಕು ಅಂತ ಕಂಡುಹಿಡಿದು, ಕೋನ ಅಳೆಯೋ ಕ್ಲಿನೋಮೀಟರ್ ಇಟ್ಟು ಅಷ್ಟು ಎತ್ತೋದು. ಇದರಲ್ಲಿ ಅತೀ ಮುಖ್ಯವಾದ ಲೆಕ್ಕ ನಮ್ಮವರ ತಲೆಗೂ ಗುಂಡಿನ ದಾರಿಗೂ ಎಷ್ಟು ಅಂತರ ಇದೆ ಅನ್ನೋದು. ಬ್ಯಾರೆಲ್ ಸವೆದಿದ್ರೆ ಗುಂಡು ಕೆಳಗೆ ಬೀಳುತ್ತೆ, ಮೆತ್ತನೆ ಮಣ್ಣಲ್ಲಿ ಟ್ರೈಪಾಡ್ ಕಾಲು ಕುಸಿದ್ರೆ ಕೋನವೇ ಬದಲಾಗುತ್ತೆ, ಆ ತಪ್ಪಿಗೆ ಬೆಲೆ ಕೊಡೋದು ಮುಂದೆ ಹೋಗ್ತಿರೋ ಸ್ವಂತ ಸೈನಿಕರು. ಹಾಗಾಗಿ ಈ ಕೆಲಸದ ಆಫೀಸರುಗಳಿಗೆ ಗಣಿತ ಬರಲೇಬೇಕಿತ್ತು. ಈ ಪದ್ಧತಿಯನ್ನ ಬೆಳೆಸಿದೋರಲ್ಲಿ ಮುಂಚೂಣೀಲಿದ್ದವರು ಕೆನಡಾ ಪಡೆಯ ರೇಮಂಡ್ ಬ್ರುಟಿನೆಲ್, ಮೂಲತಃ ಫ್ರೆಂಚ್ ಮನುಷ್ಯ, 1917ರ ಏಪ್ರಿಲ್ 9ಕ್ಕೆ ಫ್ರಾನ್ಸಿನ ವಿಮಿ ದಿಣ್ಣೆಯ ಮೇಲಿನ ದಾಳೀಲಿ ಕೆನಡಾದವರು ಇದನ್ನ ದೊಡ್ಡ ಮಟ್ಟದಲ್ಲಿ ಬಳಸಿದ್ರು, ಜೂನಲ್ಲಿ ಬೆಲ್ಜಿಯಂನ ಮೆಸೀನ್ಸಲ್ಲೂ ಅದೇ ಆಯ್ತು.

ಈ ಸಂದರ್ಭದಲ್ಲಿ ಎಲ್ಲರೂ ಹೇಳೋ ಕಥೆ ಒಂದಿದೆ. 1916ರ ಆಗಸ್ಟ್ 24ಕ್ಕೆ ಫ್ರಾನ್ಸಿನ ಸೋಮ್ ರಣರಂಗದ ಹೈ ವುಡ್ ಹತ್ರ 100ನೇ ಮಷಿನ್ ಗನ್ ಕಂಪನಿಯ ಹತ್ತು ಗನ್ನುಗಳು 12 ಗಂಟೇಲಿ ಹತ್ತಿರ ಹತ್ತಿರ ಹತ್ತು ಲಕ್ಷ ಗುಂಡು ಹಾರಿಸಿದ್ವು, ನೀರು ಖಾಲಿಯಾದಾಗ ಮೂತ್ರವನ್ನೂ ಗನ್ನಿಗೆ ಹುಯ್ದರು ಅಂತ. ಇದು ಆ ಕಂಪನಿಯ ಅಧಿಕಾರಿ ಹಚಿಸನ್ ಆಮೇಲೆ ಬರೆದಿದ್ದು, ಆ ಸಂಖ್ಯೆಯನ್ನ ಅನುಮಾನದಿಂದ ನೋಡೋ ಇತಿಹಾಸಕಾರರೂ ಇದ್ದಾರೆ, ನಾನೂ ಅದನ್ನ ಹಾಗೇ ನಂಬಿ ಅಂತ ಹೇಳಲ್ಲ. ನೀವೇ ಲೆಕ್ಕ ಹಾಕಿ, ಒಂದು ಗನ್ನಿಗೆ ಲಕ್ಷ ಗುಂಡು ಅಂದ್ರೆ 400 ಬೆಲ್ಟು, ಹತ್ತು ಬ್ಯಾರೆಲ್ಲು. ಗಂಟೆಗಟ್ಟಲೆ ಒಂದೇ ಸಮ ಹೊಡೆಯೋ ಶಕ್ತಿ ವಿಕರ್ಸಿಗೆ ಇದ್ದಿದ್ದು ಮಾತ್ರ ಖಂಡಿತ ನಿಜ.

ಇದಕ್ಕೆಲ್ಲ ತೆತ್ತ ಬೆಲೆ ಹೇಳದೆ ಉತ್ತರ ಮುಗಿಸೋಕಾಗಲ್ಲ. ಮಷಿನ್ ಗನ್ ಒಂದು ಸಲ ಬಾಯಿ ಬಿಟ್ರೆ ಶತ್ರುವಿನ ಫಿರಂಗಿ, ಸ್ನೈಪರ್ ಎಲ್ಲರ ಕಣ್ಣು ಅದರ ಮೇಲೇ. ಉಳಿದೋರು ಹಿಂದೆ ಸರೀವಾಗ ಗನ್ನಿನೋರು ಕೊನೆಗೆ ಸರೀಬೇಕು. ಸೈನ್ಯದೊಳಗೆ ಈ ಕೋರಿಗೆ ಆತ್ಮಹತ್ಯೆ ಕ್ಲಬ್ಬು ಅಂತಲೇ ಹೆಸರು ಬಿದ್ದಿತ್ತು. ಒಟ್ಟು ಸುಮಾರು 1,70,500 ಜನ ಇದರಲ್ಲಿ ಸೇವೆ ಮಾಡಿದ್ರು, ಅವರಲ್ಲಿ ಸತ್ತೋರು, ಗಾಯಗೊಂಡೋರು, ಕಾಣೆಯಾದೋರು ಸೇರಿ 62,049, ಸತ್ತೋರೇ 12,498. 1918ರ ಮಾರ್ಚ್ 21ಕ್ಕೆ ಜರ್ಮನ್ನರು ದೊಡ್ಡ ದಾಳಿ ಮಾಡಿದಾಗ ಸೇಂಟ್ ಕ್ವೆಂಟಿನ್ ಹತ್ರ 61ನೇ ಮಷಿನ್ ಗನ್ ಬೆಟಾಲಿಯನ್ನಿನ ಲೆಫ್ಟಿನೆಂಟ್ ಅಲನ್ ಕೆರ್ ಒಂದೇ ಗನ್ ಇಟ್ಕೊಂಡು, ಗಾಯಗೊಂಡ ಕೆಲವರ ಜೊತೆ ಸುಮಾರು 500 ಜನರನ್ನ ತಡೆದು ನಿಂತ್ರು, ಗನ್ ಕೆಟ್ಟ ಮೇಲೆ ರಿವಾಲ್ವರಲ್ಲಿ ಹೋರಾಡಿ ಕೊನೆಗೆ ಸೆರೆಯಾದ್ರು. ನಾಲ್ಕು ದಿನ ಬಿಟ್ಟು ಎರ್ವಿಲೆ ಊರಲ್ಲಿ ಆರ್ಥರ್ ಕ್ರಾಸ್ ಅನ್ನೋ 40ನೇ ಬೆಟಾಲಿಯನ್ನಿನ ಗನ್ನರ್, ಶತ್ರುಗಳು ವಶ ಮಾಡ್ಕೊಂಡಿದ್ದ ತನ್ನ ಗನ್ನುಗಳನ್ನ ಹುಡುಕಿಕೊಂಡು ಬರೀ ರಿವಾಲ್ವರ್ ಹಿಡಿದು ಒಬ್ಬನೇ ಹೋಗಿ, ಏಳು ಜನ ಜರ್ಮನ್ನರನ್ನ ಶರಣಾಗಿಸಿ, ಗನ್ನುಗಳನ್ನ ಅವರ ಹೆಗಲ ಮೇಲೇ ಹೊರಿಸಿಕೊಂಡು ವಾಪಸ್ ಬಂದ. ಗನ್ ಇಲ್ಲದೆ ಗನ್ನರ್ ಬರೋ ಹಾಗಿಲ್ಲ ಅನ್ನೋ ಹಠ ತರಬೇತೀಲೇ ಅವರ ರಕ್ತಕ್ಕೆ ಸೇರಿತ್ತು. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಸಿಕ್ತು.

ಕೋರಿನ ಬೇರೆ ಶಾಖೆಗಳ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಕುದುರೆ ಪಡೆಗೆ ಮಷಿನ್ ಗನ್ ಸ್ಕ್ವಾಡ್ರನ್ ಇತ್ತು, ಮೋಟಾರ್ ಸೈಕಲ್ಲಿನ ಪಕ್ಕದ ಗಾಡಿಗೆ ಗನ್ ಕೂರಿಸಿದ ಮೋಟಾರ್ ಬ್ಯಾಟರಿಗಳಿದ್ವು, ಮತ್ತೆ ಹೆವಿ ಸೆಕ್ಷನ್ ಅಂತ ಒಂದು ಗುಟ್ಟಿನ ಶಾಖೆ. 1916ರ ಸೆಪ್ಟೆಂಬರ್ 15ಕ್ಕೆ ಜಗತ್ತಿನ ಮೊದಲ ಟ್ಯಾಂಕುಗಳನ್ನ ಯುದ್ಧಕ್ಕೆ ಇಳಿಸಿದ್ದು ಇವರೇ, 1917ರ ಜುಲೈ ಕೊನೇಲಿ ಅದು ಬೇರೆಯಾಗಿ ಟ್ಯಾಂಕ್ ಕೋರ್ ಆಯ್ತು. ಯುದ್ಧ ಮುಗಿದ ಮೇಲೆ ಖರ್ಚು ಕಡಿಮೆ ಮಾಡೋ ಭರದಲ್ಲಿ 1922ರಲ್ಲಿ ಮಷಿನ್ ಗನ್ ಕೋರನ್ನೇ ಮುಚ್ಚಿದ್ರು. ನನಗೆ ಇದು ದೊಡ್ಡ ತಪ್ಪು ಅನ್ಸುತ್ತೆ, ಅಷ್ಟು ಜನ ಸತ್ತು ಕಲಿತ ವಿದ್ಯೆ ಚದುರಿಹೋಯ್ತು, 1930ರ ದಶಕದ ಕೊನೇಲಿ ಮಿಡ್ಲ್‌ಸೆಕ್ಸ್, ಚೆಷೈರ್, ಮ್ಯಾಂಚೆಸ್ಟರ್, ನಾರ್ಥಂಬರ್ಲೆಂಡ್ ಫ್ಯುಸಿಲಿಯರ್ಸ್ ರೆಜಿಮೆಂಟುಗಳ ಬೆಟಾಲಿಯನ್ನುಗಳನ್ನ ಮತ್ತೆ ಮಷಿನ್ ಗನ್ ಬೆಟಾಲಿಯನ್ ಮಾಡಬೇಕಾಗಿ ಬಂತು. ಗನ್ನು ಮಾತ್ರ ಅದೇ ವಿಕರ್ಸ್, ಬ್ರಿಟಿಷ್ ಸೈನ್ಯದಲ್ಲಿ 1968ರವರೆಗೂ ಬಾಳಿತು.

ಇನ್ನು ನಿಮ್ಮ ಕೊನೇ ಪ್ರಶ್ನೆ, ನಮ್ಮ ಕಡೆಯೋರು. ಭಾರತೀಯ ಬೆಟಾಲಿಯನ್ನುಗಳಿಗೂ 1914ರಲ್ಲಿ ಎರಡೆರಡೇ ಗನ್ನು. ಆ ವರ್ಷ ಅಕ್ಟೋಬರ್ 31ಕ್ಕೆ ಬೆಲ್ಜಿಯಂನ ಹೊಲೆಬೆಕ್ ಹತ್ರ 129ನೇ ಬಲೂಚಿ ಪಡೆಯ ಸಿಪಾಯಿ ಖುದಾದಾದ್ ಖಾನ್ ಅವರ ಗನ್ನಿನ ಟೀಮಲ್ಲಿ ಉಳಿದ ಐದೂ ಜನ ಸತ್ರು, ತಾವೂ ಗಾಯಗೊಂಡಿದ್ರೂ ಒಬ್ಬರೇ ಗನ್ ನಡೆಸಿದ್ರು, ಭಾರತೀಯ ಸೈನಿಕರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲಿಗರು ಅವರೇ. ಅವರೂ ಮಷಿನ್ ಗನ್ನರ್ ಅನ್ನೋದನ್ನ ನಾವು ನೆನಪಿಟ್ಟುಕೊಳ್ಳಬೇಕು. ಕರ್ನಾಟಕದ ನಂಟು ಅಂದ್ರೆ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್. ಜೋಧಪುರ, ಹೈದರಾಬಾದ್ ಲ್ಯಾನ್ಸರ್‌ಗಳ ಜೊತೆ ಇವರಿದ್ದ 15ನೇ ಇಂಪೀರಿಯಲ್ ಸರ್ವಿಸ್ ಕುದುರೆ ಬ್ರಿಗೇಡಿಗೆ ತನ್ನದೇ ಮಷಿನ್ ಗನ್ ಸ್ಕ್ವಾಡ್ರನ್ ಇತ್ತು. 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಊರನ್ನ ಗೆದ್ದ ದಿನ ಎದುರಿಗೆ ಇದ್ದಿದ್ದೂ ಫಿರಂಗಿ ಮತ್ತು ಮಷಿನ್ ಗನ್ನುಗಳೇ. ಮೈಸೂರು ಸವಾರರ ಒಂದು ದಳ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆ ಹತ್ತಿತು, ಜೋಧಪುರದವರು ಊರಿನ ಕಡೆ ನುಗ್ಗಿದ್ರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಆ ಕಡೆ ಹೋದಾಗ ನೋಡಿ. ಇನ್ನೊಂದು, ನಮ್ಮ ಮಹಾರ್ ರೆಜಿಮೆಂಟನ್ನ 1946ರಲ್ಲಿ ಮಷಿನ್ ಗನ್ ರೆಜಿಮೆಂಟ್ ಮಾಡಿದ್ರು, ಈಗ ಅವರು ಸಾಮಾನ್ಯ ಪದಾತಿ ಪಡೆ ಆಗಿದ್ರೂ ಅವರ ಬಿಲ್ಲೇಲಿ ಅಡ್ಡಡ್ಡ ಇಟ್ಟ ಎರಡು ವಿಕರ್ಸ್ ಗನ್ ಇವತ್ತಿಗೂ ಇದೆ.